ಯಾವ ಎಣ್ಣೆ?

ಮೆಕ್ಯಾನಿಕ್ ಕೆಂಪಯ್ಯ ತನ್ನ ಷೆಡ್ಡಿನಲ್ಲಿ ಬುಲೆಟ್ಟಿನ ಅಡಿಯ ಬೋಲ್ಟು ಬಿಚ್ಚಿದ ಕೂಡಲೇ ಹಳೇ ಆಯಿಲ್ಲು ಬಿಸಿಬಿಸಿಯಾಗಿ, ಕಾಡಿಗೆಯಂತೆ ಕಪ್ಪಗೆ ತಗಡಿನ ಡಬ್ಬಕ್ಕೆ ಸುರಿಯಿತು. ಆಗ ದನದ ಡಾಕ್ಟರು ಪರಮಶಿವಯ್ಯ ಬ್ಯಾಗಿನಿಂದ ಒಂದು ಹೊಸ ಡಬ್ಬ ತೆಗೆದು ಅವನ ಮುಂದಿಟ್ಟರು. ಹೆಂಡತಿಯ ಅಣ್ಣ ಕುವೈತಿನಿಂದ ತಂದುಕೊಟ್ಟಿದ್ದು.

“ಇದೇನ್ ಸಾ?”

“ಸಿಂಥೆಟಿಕ್ ಆಯಿಲ್ ಅಂತೆ ಕಣಯ್ಯ. ಭೂಮಿಯಿಂದ ತೆಗೆದದ್ದಲ್ವಂತೆ, ಕಾರ್ಖಾನೇಲೇ ಮಾಡೋದಂತೆ. ಇದನ್ನ ಹಾಕಿದ್ರೆ ಇಂಜಿನ್ನಿಗೆ ಸವೆತಾನೇ ಇಲ್ವಂತೆ.”

ಕೆಂಪಯ್ಯ ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡಿದ. ಒಂದು ಕಡೆ ಇಂಗ್ಲಿಷು, ಇನ್ನೊಂದು ಕಡೆ ಅರಬ್ಬಿ. “ಸಿಂಥೆಟಿಕ್ ಅಂದ್ರೆ ಸೀರೆ ಅಂದ್ಕಂಡಿದ್ದೆ ಸಾ, ನಮ್ಮನೆಯೋಳು ಉಟ್ಕತಾಳೆ. ಹದಿನೈದು ವರ್ಷದ ಗಾಡಿ ಇದು, ಯಾವಾಗ್ಲೂ ಹಾಕೋ ನಲವತ್ತನೇ ನಂಬರ್ ಆಯಿಲ್ಲಿಗೆ ಒಗ್ಗೋಗ್ಯದೆ. ಅದನ್ನೇ ಹಾಕ್ತೀನಿ ಬುಡಿ.”

“ಹಂಗಂತೀಯಾ? ಆದ್ರೂ...” ಪರಮಶಿವಯ್ಯ ಡಬ್ಬವನ್ನು ಅವನ ಕೈಯಿಂದ ತೆಗೆದುಕೊಂಡು ಮತ್ತೆ ಕೆಳಗಿಟ್ಟರು. ಕೆಂಪಯ್ಯನ ಕೈ ಇವತ್ತಿನವರೆಗೆ ತಪ್ಪಿದ್ದಿಲ್ಲ. ಆದರೆ ಭಾನುವಾರ ಊಟಕ್ಕೆ ಬರುವ ಭಾವ ಮೊದಲು ಕೇಳುವುದೇ ಇದನ್ನು. ಹೊಸದನ್ನು ಹಾಕಿ, ಗುಡ್ಡದ ದಾರಿಯಲ್ಲಿ ಇಂಜಿನ್ನು ಕಚ್ಚಿಕೊಂಡು ನಿಂತುಬಿಟ್ಟರೆ? ಹಾಕದೆ ಹೋಗಿ, ಒಳ್ಳೆಯದು ಕೈಗೆ ಬಂದರೂ ಬಳಸಲಿಲ್ಲವೆಂದಾದರೆ? “ತಡಿ, ಯಾರನ್ನಾದ್ರೂ ಒಂದು ಮಾತು ಕೇಳ್ಕೊಂಡು ಬರ್ತೀನಿ,” ಎಂದು ಡಬ್ಬವನ್ನು ಅಲ್ಲೇ ಬಿಟ್ಟು ಹೊರಟರು.

ಪೆಟ್ರೋಲ್ ಬಂಕಿನವನು, ಫಾರಿನ್ ಮಾಲು ಎಂದಾದರೂ ಕೆಟ್ಟದ್ದಿರುತ್ತದೆಯೇ, ಕಣ್ಣು ಮುಚ್ಚಿಕೊಂಡು ಹಾಕಿ ಎಂದ. ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಿದ್ದ ಡ್ರೈವರು, ಹಳೇ ಇಂಜಿನ್ನಿಗೆ ಅದು ನೀರಿನ ಹಾಗೆ, ಸಂದುಸಂದಿನಲ್ಲೂ ಸೋರಿಹೋಗುತ್ತದೆ ಎಂದು ಹೆದರಿಸಿದ. ಟ್ರ್ಯಾಕ್ಟರ್ ಇಟ್ಟಿದ್ದ ತೋಟದ ಯಜಮಾನರೊಬ್ಬರು ಅರ್ಧ ಅದು ಅರ್ಧ ಇದು ಹಾಕಿ ನೋಡಿ ಎಂದರು. ಹೈಸ್ಕೂಲಿನ ಸೈನ್ಸ್ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಕೂರಿಸಿಕೊಂಡು ಕಾಲು ಗಂಟೆ ವಿವರಿಸಿ, ಕೊನೆಗೆ “ಖಚಿತವಾಗಿ ಹೇಳೋಕಾಗಲ್ಲ ಸಾರ್,” ಎಂದುಬಿಟ್ಟರು. ಒಬ್ಬೊಬ್ಬರ ಮಾತೂ ಕೇಳುವಾಗ ಸರಿ. ಹತ್ತು ಹೆಜ್ಜೆ ನಡೆದರೆ ತಪ್ಪು. ತಲೆ ಕಲಸಿದ ರಾಗಿ ಹಿಟ್ಟಾಯಿತು.

ಅವರು ಷೆಡ್ಡಿಗೆ ಹಿಂದಿರುಗುವಾಗ ಹನ್ನೊಂದೂವರೆ. ಬಾಗಿಲಲ್ಲಿ ಹೆಂಗಸೊಬ್ಬಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ನಿಂತಿದ್ದಳು. ಗುಡ್ಡದ ಕೆಳಗಿನ ಹಟ್ಟಿಯ ಬೋರಮ್ಮ. ಕುರಿ ಸಾಕುವ ಹುಚ್ಚರಂಗಯ್ಯನ ಹೆಂಡತಿ.

“ಎಲ್ಲೋಗಿದ್ರಿ ಸ್ವಾಮಿ! ಆಸ್ಪತ್ರೆ ತಾವ ಹೋದ್ರೆ ಕಾಂಪೌಂಡ್ರು ಇಲ್ಲಿಗೆ ಕಳುಸುದ್ರು. ಇಲ್ಲಿ ನೀವಿಲ್ಲ. ಊರೆಲ್ಲಾ ಹುಡುಕ್ದೆ. ಕುರಿ ಇಬ್ಬನೀಲಿ ಹಸಿ ಅವರೆ ಹೊಲಕ್ಕೆ ನುಗ್ಗಿ, ಹೊಟ್ಟೆ ಉಬ್ಬುಸ್ಕಂಡು ಬಿದ್ದವೆ. ಐದು! ನಮ್ಮನೆಯೋರು ಒಬ್ರೇ ಅವ್ರೆ.”

ಅವಳು ಹೇಳಿ ಮುಗಿಸುವುದರೊಳಗೆ ಕೆಂಪಯ್ಯ ಡಾಕ್ಟರ ಮಾತಿಗೆ ಕಾಯದೆ ಬೋಲ್ಟು ಬಿಗಿದು, ಆಯಿಲ್ಲು ಸುರಿದು, ಮುಚ್ಚಳ ಹಾಕಿಬಿಟ್ಟಿದ್ದ. ಪರಮಶಿವಯ್ಯ ಗಾಡಿಯೇರಿ ಕಿಕ್ ಹೊಡೆಯುತ್ತಾ ಕೇಳಿದರು, “ಯಾವ್ದು ಹಾಕ್ದೆ?” ಕೆಂಪಯ್ಯ ಏನೋ ಹೇಳಿದ. ಅವನ ಬಾಯಿ ಆಡಿದ್ದು ಕಂಡಿತೇ ಹೊರತು, ಬುಲೆಟ್ಟಿನ ಸದ್ದಿನಲ್ಲಿ ಮಾತು ಕೇಳಲಿಲ್ಲ. ಅಷ್ಟರಲ್ಲಿ ಬೋರಮ್ಮ ಹಿಂದಿನ ಸೀಟಿನಲ್ಲಿ ಕೂತಾಗಿತ್ತು.

ಆರು ಮೈಲಿ ದಾರಿಯುದ್ದಕ್ಕೂ ಅವರ ಕಿವಿ ಇಂಜಿನ್ನಿನ ಮೇಲೇ ಇತ್ತು. ಇಳಿಜಾರಿನಲ್ಲಿ ಸದ್ದು ನಯವಾದಂತೆ ಕೇಳಿ ಕುವೈತಿನದೇ ಇರಬೇಕು ಎನ್ನಿಸಿತು. ಏರು ಬಂದಾಗ ಎಂದಿನ ಗೊಣಗಾಟ. ಅಲ್ಲ, ನಲವತ್ತನೇ ನಂಬರಿನದೇ ಎಂದುಕೊಂಡರು. ಯಾವುದೆಂದು ತಿಳಿಯಲೇ ಇಲ್ಲ. ಗಾಡಿ ಮಾತ್ರ ಎಲ್ಲೂ ನಿಲ್ಲದೆ ಹಟ್ಟಿ ಮುಟ್ಟಿತು.

ಎರಡು ಕುರಿ ಆಗಲೇ ಕಾಲು ಸೆಟೆದುಕೊಂಡು ಬಿದ್ದಿದ್ದವು. ಉಳಿದ ಮೂರರ ಎಡ ಮಗ್ಗುಲು ನಗಾರಿಯಂತೆ ಬಿಗಿದಿತ್ತು. ಅಲ್ಲಿ ಪರಮಶಿವಯ್ಯನವರ ಕೈ ಯಾರನ್ನೂ ಕೇಳಲಿಲ್ಲ. ತೀರಾ ಬಳಲಿದ್ದ ಕುರಿಯ ಪಕ್ಕೆಗೆ ಸೂಜಿ ಚುಚ್ಚಿದರು. ಬುಸ್ಸೆಂದು ಗಾಳಿ ಹೊರಟಿತು. “ಬೋರಮ್ಮ, ಎಣ್ಣೆ ತತ್ತಾ! ಬೇಗ!” ಎಂದು ಕೂಗಿದರು. ಅವಳು ಎರಡು ಸೀಸೆ ತಂದಳು. ಹತ್ತಿರದ್ದನ್ನು ಕಿತ್ತುಕೊಂಡು, ಮೂರರ ಬಾಯಿಗೂ ಎಣ್ಣೆ ಹುಯ್ದು, ಪಕ್ಕೆ ತಿಕ್ಕಿದರು. ಗಂಟೆ ಕಳೆಯುವುದರೊಳಗೆ ಮೂರೂ ತೇಗುತ್ತಾ ಎದ್ದು ನಿಂತವು.

ಹುಚ್ಚರಂಗಯ್ಯ ಸತ್ತವುಗಳ ಪಕ್ಕ ಕುಕ್ಕರುಗಾಲಿನಲ್ಲಿ ಕೂತಿದ್ದ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. “ಹೊತ್ತಾರೇನೇ ಹಟ್ಟಿಯೋರು ಎಣ್ಣೆ ಕುಡ್ಸು ಅಂದ್ರು ಸ್ವಾಮಿ. ಒಬ್ಬ ಹರಳೆಣ್ಣೆ ಅಂದ, ಇನ್ನೊಬ್ಬ ಅದಲ್ಲ, ಕಡ್ಲೆಕಾಯಿ ಎಣ್ಣೆ ಅಂದ. ಎರಡೂ ಮನೇಲಿದ್ದೊ. ತಪ್ಪಾದ್ರೆ ಏನ್ ಗತಿ, ತಿಳ್ದೋರು ನೀವು ಬಂದು ಹೇಳ್ಲಿ ಅಂತ ಕಾಯ್ಕಂಡು ಕುಂತೆ. ಈಗ ನೀವು ಕುಡ್ಸಿದ್ದು ಯಾವ್ದು?”

ಪರಮಶಿವಯ್ಯ ಕೈಯಲ್ಲಿದ್ದ ಸೀಸೆಯತ್ತ ನೋಡಿದರು. ಅಲ್ಲಿಯವರೆಗೆ ಅದನ್ನವರು ನೋಡಿಯೇ ಇರಲಿಲ್ಲ. ಹೊತ್ತಾರೆ ಎರಡರಲ್ಲಿ ಯಾವುದನ್ನು ಕುಡಿಸಿದ್ದರೂ ಆಗುತ್ತಿತ್ತು. ಅವರು ಸೀಸೆಯನ್ನು ಇನ್ನೊಂದರ ಪಕ್ಕಕ್ಕೆ ಇಟ್ಟರು. ಹುಚ್ಚರಂಗಯ್ಯ ಸತ್ತ ಕುರಿಯ ಕಿವಿ ನೇವರಿಸುತ್ತಾ, ಅವರ ಬಾಯನ್ನೇ ನೋಡುತ್ತಿದ್ದ.