ಎಣ್ಣಿ ಹೊಡೀಬ್ಯಾಡ

"ಅದು ಪರದೇಶದ ಹುಳ. ಸರ್ಕಾರದ ಪರಿಹಾರ ಬೇಕಂದ್ರ ನಾ ಬಂದು ನೋಡೂತನಕ ಎಣ್ಣಿ ಹೊಡೀಬ್ಯಾಡ," ಎಂದು ಕೃಷಿ ಅಧಿಕಾರಿ ಫೋನಿನಲ್ಲಿ ಹೇಳಿದ್ದರು. ಮನೆಯಲ್ಲಿ ಹುಳ ಕೊಲ್ಲುವ ಎಣ್ಣೆಯೂ ಇತ್ತು, ಹೊಡೆಯುವ ಪಂಪೂ ಇತ್ತು. ಆದರೂ ಫಕ್ಕೀರೇಶ ಕೈಕಟ್ಟಿ ಕೂತು ಹುಳಕ್ಕೆ ಬೆಳೆ ತಿನ್ನಿಸಿದ.

ಸಾಹೇಬರು ಬಂದದ್ದು ಹನ್ನೆರಡನೇ ದಿನ. ಅಷ್ಟರಲ್ಲಿ ಗೋವಿನಜೋಳ ಬರೀ ದಂಟಾಗಿತ್ತು, ಹುಳಗಳು ಹೊಟ್ಟೆ ತುಂಬಿಸಿಕೊಂಡು ಕೋಶ ಕಟ್ಟಲು ಮಣ್ಣಿಗಿಳಿದಿದ್ದವು.

"ಹುಳ ಎಲ್ಲೈತೋ? ಜೀವಂತ ಹುಳ ಕಾಣದ ವರದಿ ಹೆಂಗ ಬರೀಲಿ?"

"ನೀವು ಹಿಂಗ ಕೇಳ್ತೀರಂತ ನನಗ ಗೊತ್ತಿಲ್ಲೇನ್ರೀ ಸಾಹೇಬ್ರ!" ಫಕ್ಕೀರೇಶ ಮನೆಗೋಡಿ ಒಂದು ಬುಟ್ಟಿ ತುಂಬ ಕಡ್ಡಿಪೆಟ್ಟಿಗೆ ತಂದ. ಒಂದನ್ನೊಂದು ತಿನ್ನುತ್ತವೆಂದು ಒಂದೊಂದರಲ್ಲಿ ಒಂದೊಂದೇ ಹುಳ. "ದಿನಾ ಎಲಿ ಹಾಕಿ ಜ್ವಾಪಾನ ಮಾಡೇನ್ರಿ. ಎಲ್ಲಾ ಜೀವಂತ ಅದಾವ."

ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. "ಪರದೇಶದ ಹುಳ ಮನ್ಯಾಗ ಸಾಕಿದ್ದಕ್ಕ ಕೇಸ್ ಆಗತೈತಿ. ನಿಮ್ಮಪ್ಪನ ಹೆಸರೇನು?"