ತಪ್ಪು ನಿಮ್ಮದಲ್ಲ

ಫೈಲು ತೆರೆಯಹೋದರೆ ‘ಅನುಮತಿ ಇಲ್ಲ’ ಎಂದಷ್ಟೇ ಹೇಳಿ ಕಂಪ್ಯೂಟರು ಬಾಯಿ ಮುಚ್ಚಿಕೊಳ್ಳುತ್ತಿದ್ದಾಗ, ಹೊಸದಾಗಿ ಕೆಲಸಕ್ಕೆ ಸೇರಿದವರೆಲ್ಲ ಪೆಚ್ಚುಮೋರೆ ಹಾಕಿಕೊಂಡು ಕಂಪ್ಯೂಟರ್ ವಿಭಾಗದ ವಸುಮತಿಯ ಮೇಜಿಗೇ ಬರುತ್ತಿದ್ದರು. ಅವಳ ದಿನದ ಮಾತುಕತೆಯೆಂದರೆ ಅಷ್ಟೇ. ಮೇಲಿನವರು ಹೇಳಿದರೆಂದು ಆ ಸಂದೇಶವನ್ನು ಅವಳೇ ಕೈಯಾರೆ ತಿದ್ದಿದಳು: ‘ಗಾಬರಿಯಾಗಬೇಡಿ, ತಪ್ಪು ನಿಮ್ಮದಲ್ಲ. ಈ ಫೈಲು ಬೇರೆ ತಂಡದ್ದು. ಇಲ್ಲಿ ಒತ್ತಿ, ಅವರ ಒಪ್ಪಿಗೆ ಕೇಳಿ.’

ಅಲ್ಲಿಂದಾಚೆಗೆ ಅವಳ ಮೇಜಿನತ್ತ ಯಾರೂ ಸುಳಿಯಲಿಲ್ಲ.

ಒಂದು ಮಧ್ಯಾಹ್ನ ಹೊಸ ಹುಡುಗಿಯೊಬ್ಬಳು ಬಂದು ನಿಂತಳು.

“ಯಾಕಮ್ಮಾ, ಮೆಸೇಜು ಅರ್ಥ ಆಗ್ಲಿಲ್ವಾ?” ವಸುಮತಿಯ ದನಿಯಲ್ಲಿ ಆಸೆಯಿತ್ತು.

“ಅರ್ಥ ಆಯ್ತು ಮೇಡಂ, ಕೆಲ್ಸಾನೂ ಆಯ್ತು.”

“ಮತ್ತೆ?”

“ಬರೆದೋರನ್ನ ನೋಡೋಣಾಂತ ಬಂದೆ. ಸೇರಿ ತಿಂಗ್ಳಾಯ್ತು ಮೇಡಂ, ಈ ಆಫೀಸಲ್ಲಿ ನನ್ ಹತ್ರ ಅಕ್ಕರೆಯಿಂದ ಮಾತಾಡಿದ್ದು ಆ ಮೆಸೇಜೊಂದೇ.”