ಕೊಳದ ಮೆಟ್ಟಿಲಿನ ಹುಡುಗಿ

ಹಳೆಯ ಜೋಡಿಚಿತ್ರಗಳ ಒಳಗಿನ ಜನ ವರ್ಷಕ್ಕೆ ಕೂದಲೆಳೆಯಷ್ಟು ಅಲುಗುತ್ತಾರೆ. ಅದಕ್ಕೇ ಸಂಗ್ರಾಹಕರು ಪ್ರತಿ ಯುಗಾದಿಗೆ ಒಂದೇ ನೋಟದ ಎಡಗಣ್ಣಿನ, ಬಲಗಣ್ಣಿನ ಚಿತ್ರಗಳನ್ನು ಪಕ್ಕಪಕ್ಕ ಅಂಟಿಸಿದ ಆ ಕಾರ್ಡುಗಳನ್ನು, ಎರಡನ್ನೂ ಕೂಡಿಸಿ ಆಳ ತೋರಿಸುವ ಸ್ಟೀರಿಯೋಸ್ಕೋಪಿನಲ್ಲಿಟ್ಟು ಎಲ್ಲರ ಕ್ಷೇಮ ನೋಡುತ್ತಾರೆ. ಅಪ್ಪನಿಂದ ಬಂದ ಕಾರ್ಡುಗಳಲ್ಲಿ ಇಂದುಮತಿಗೆ ಒಬ್ಬಳದೇ ಚಿಂತೆ. ಕೊಳದ ಮೆಟ್ಟಿಲಲ್ಲಿ ಜಾರುತ್ತಿರುವ ಆ ಹುಡುಗಿಯ ಹಿಮ್ಮಡಿಯಷ್ಟೇ ಅಪ್ಪನ ಕಾಲದಲ್ಲಿ ಎದ್ದಿತ್ತು. ಈ ಯುಗಾದಿಗೆ ಎರಡೂ ಕಾಲು ಮೆಟ್ಟಿಲು ಬಿಟ್ಟಿದ್ದವು. ಕೈಚಾಚಿದ ತಾಯಿಯೋ, ಎಲ್ಲೋ ದೂರದ ಗೋಡೆಯ ಬಳಿ.

ತಡೆಯಲಾಗದೆ ಅವಳು ಕಾರ್ಡನ್ನು ಧಾರವಾಡದ ಕ್ಯಾಮೆರಾ ರಿಪೇರಿಯ ದಸ್ತಗೀರಸಾಹೇಬರಿಗೆ ತೋರಿಸಿದಳು.

"ಅಕ್ಕಾರ, ಅಂಟಿಸಿದಾಂವ ಎಡಬಲ ಅದಲುಬದಲು ಮಾಡ್ಯಾನ್ರೀ," ಎಂದರು ಅವರು. "ಹಿಂಗಾದ್ರ ಹತ್ತಿರ ಇದ್ದದ್ದು ದೂರ ಕಾಣತೈತಿ."

"ಹರೀದ್ಹಂಗ ಬಿಚ್ಚಿ ಸರಿ ಮಾಡ್ರಿ, ಸಾಹೇಬ್ರ."

ಸಾಹೇಬರು ಆವಿ ಹಿಡಿದು ಚಿತ್ರಗಳನ್ನು ಬಿಡಿಸಿ, ಎಡದ್ದನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಅಂಟಿಸಿದರು. ಇಂದುಮತಿ ಮಸೂರಕ್ಕೆ ಕಣ್ಣಿಟ್ಟಳು. ತಾಯಿ ಗೋಡೆಯ ಬಳಿ ಇರಲೇ ಇಲ್ಲ. ಮಗಳ ಬೆನ್ನಿಗೇ ನಿಂತಿದ್ದಳು. ಅವಳ ಬೆರಳಿಗೂ ಮಗಳ ಜಡೆಗೂ ನಡುವೆ ಕೂದಲೆಳೆಯಷ್ಟೇ ಅಂತರವಿತ್ತು.

ಮುಂದಿನ ಯುಗಾದಿಗೆ ಇಬ್ಬರೂ ಸರದಿಯಲ್ಲಿ ನೋಡಿದರು. ಜಡೆ ತಾಯಿಯ ಮುಷ್ಟಿಯಲ್ಲಿತ್ತು.

"ಮ್ಯಾಲ ಎಳಕೊಳ್ಳಾಕ ಇನ್ನೂ ನಲವತ್ತು ವರ್ಷ ಬೇಕ್ರೀ," ಎಂದರು ಸಾಹೇಬರು, ಕಣ್ಣೊರೆಸಿಕೊಳ್ಳುತ್ತ.

"ತಗೊಳ್ಳಲಿ ಬಿಡ್ರಿ. ಕೈಗೆ ಸಿಕ್ಕಾಳಲ್ಲ."